ಮಾವ ತಂದ ಪೂಲ್ ಕ್ಯೂ ಯಾರ ಕೈಯದ್ದು?

ಪ್ರಶ್ನೆ: ನಮ್ಮ ಸೋದರಮಾವ 1991ರಲ್ಲಿ ನ್ಯೂಜೆರ್ಸಿಯಿಂದ ಬೆಂಗಳೂರಿಗೆ ಮರಳುವಾಗ ತಂದಿದ್ದ ಎರಡು ತುಂಡಿನ ಪೂಲ್ ಕ್ಯೂ (ಬಿಲಿಯರ್ಡ್ಸ್ ಥರದ ಪೂಲ್ ಆಟದಲ್ಲಿ ಚೆಂಡಿಗೆ ಹೊಡೆಯುವ ಕೋಲು) ಬಸವನಗುಡಿಯ ಮನೆಯ ಅಟ್ಟದಲ್ಲಿ ಸಿಕ್ಕಿದೆ. ಹಿಡಿಯ ಮೇಲೆ ಕಪ್ಪು ಮರದ ನಾಲ್ಕು ಚೂಪು, ಅವುಗಳ ಅಂಚಿಗೆ ಬಣ್ಣದ ಗೆರೆಗಳು, ನಡುವೆ ಸ್ಟೀಲ್ ಜಾಯಿಂಟ್, ಹಿಡಿಗೆ ಬಿಳಿ-ಹಸಿರು ದಾರ. ಬುಡದಲ್ಲಿ ‘ಜಾರ್ಜ್ ಬಾಲಬುಷ್ಕಾ’ ಅಂತ ಇಂಗ್ಲಿಷಿನಲ್ಲಿ ಸಹಿ ಇದೆ. ಶಿವಾಜಿನಗರದ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ‘ಲಕ್ಷಗಟ್ಟಲೆ ಬಾಳುತ್ತೆ, ಒಂದು ಕೈ ಪಾಲಿಶ್ ಮಾಡಿಸಿ ತನ್ನಿ’ ಎಂದರು. ಅದೇ ಅಟ್ಟದಲ್ಲಿ ತಾತನ ಕಾಲದ ಒಂದೇ ತುಂಡಿನ ಇಂಗ್ಲಿಷ್ ಕ್ಯೂ ಕೂಡ ಇದೆ. ಅದರ ಬಿಲ್ಲೆಯ ಮೇಲೆ ವಾಲ್ಟರ್ ಲಿಂಡ್ರಮ್ ಹೆಸರು, 4137 ಎಂಬ ಸಂಖ್ಯೆ. ಇವನ್ನು ಯಾರು, ಎಲ್ಲಿ, ಯಾವಾಗ ಮಾಡಿದರು ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲ ಮಾತು, ಪಾಲಿಶ್ ಬೇಡವೇ ಬೇಡ. ಪೀಠೋಪಕರಣಕ್ಕೆ ಪಾಲಿಶ್ ಹಾಕುವವರು ಹಳೇ ಮೆರುಗನ್ನು ಥಿನ್ನರ್ ಹಾಕಿ ಒರೆಸುತ್ತಾರೆ, ಆಮೇಲೆ ಮರಳು ಕಾಗದ ಹಿಡಿಯುತ್ತಾರೆ. ಮೆರುಗಿನ ಜೊತೆ ಸಹಿ ಹೋಗುತ್ತದೆ. ಬಟ್ಟಿನ, ಅಂದರೆ ಹಿಡಿಯಿರುವ ಹಿಂದಿನ ತುಂಡಿನ, ದಪ್ಪ ಕೂದಲೆಳೆಯಷ್ಟು ಕಡಿಮೆಯಾಗಿ ಜಾಯಿಂಟಿನ ಸ್ಟೀಲ್ ಬಳೆ (ಕಾಲರ್) ಮರಕ್ಕಿಂತ ಉಬ್ಬಿ ನಿಲ್ಲುತ್ತದೆ. ಚೂಪುಗಳ ತುದಿ ಮೊಂಡಾಗುತ್ತದೆ. ಯಾರ ಕೆಲಸ ಅಂತ ಹೇಳಬೇಕಾದ ಗುರುತುಗಳೆಲ್ಲ ಮೇಲಿನ ಆ ತೆಳು ಪದರದಲ್ಲೇ ಇರುವುದು. ಈಗ ಮಾಡಬಹುದಾದದ್ದು ಇಷ್ಟೇ: ಹಿಂಡಿ ತೆಗೆದ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ.

ಇನ್ನು ಸಹಿ. ಸಹಿ ಕಂಡರೆ ಖುಷಿಯಾಗುವುದು ಸಹಜ, ಆದರೆ ನಿಮ್ಮ ಕ್ಯೂನಲ್ಲಿ ಅನುಮಾನ ಹುಟ್ಟಿಸುವುದೇ ಅದು. ಜಾರ್ಜ್ ಬಾಲಬುಷ್ಕಾ 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ಹೋದವರು. ಬಡಗಿ ಕೆಲಸ ಬಲ್ಲವರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1959ರ ಹೊತ್ತಿಗೆ ಕ್ಯೂ ಮಾಡತೊಡಗಿ, 1975ರಲ್ಲಿ ತೀರಿಕೊಂಡರು. ಹದಿನಾರು ವರ್ಷಗಳಲ್ಲಿ ಒಬ್ಬ ಮನುಷ್ಯ ಎಷ್ಟು ಮಾಡಬಲ್ಲ? ಸಾವಿರದ ಆಸುಪಾಸು ಎಂಬುದು ಸಂಗ್ರಾಹಕರ ಅಂದಾಜು. ಅವರ ಕ್ಯೂಗಳಲ್ಲಿ ಬಹುಪಾಲಿಗೆ ಸಹಿಯೇ ಇಲ್ಲ. ಕೊಳ್ಳುವವರು ಮನೆಗೇ ಬಂದು ಮಾಡಿಸಿಕೊಳ್ಳುತ್ತಿದ್ದಾಗ ಹೆಸರು ಬರೆದು ಸಾರುವ ಅಗತ್ಯವೇನಿತ್ತು? ಆಮೇಲೆ 1986ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರದಿಂದ ಪೂಲ್ ಆಡದವರ ಕಿವಿಗೂ ಈ ಹೆಸರು ಬಿತ್ತು. ತೆರೆಯ ಮೇಲೆ ಬಾಲಬುಷ್ಕಾ ಅಂತ ತೋರಿಸಿದ್ದು ವಾಸ್ತವದಲ್ಲಿ ಜಾಸ್ ಕಂಪನಿಯ ಕ್ಯೂ, ಅದು ಬೇರೆ ಮಾತು. ಅದೇ ದಶಕದಲ್ಲಿ ಜಪಾನಿನ ಆಡಮ್ ಕಂಪನಿ ಪರವಾನಗಿ ಪಡೆದು ಬಾಲಬುಷ್ಕಾ ಹೆಸರಿನಲ್ಲೇ ಪ್ರತಿಕೃತಿಗಳನ್ನು ಮಾಡಿ ಮಾರಿತು. ಸಹಿ ಸಾಮಾನ್ಯವಾಗಿ ಕಾಣುವುದು ಅವುಗಳ ಬಟ್ಟಿನ ಮೇಲೆ. ಜಿ.ಬಿ. ಎಂದು ಶುರುವಾಗುವ ಮಾಡೆಲ್ ಸಂಖ್ಯೆಯೂ ಅವಕ್ಕಿದೆ. ಅವು ಕಳ್ಳಮಾಲಲ್ಲ, ಒಳ್ಳೇ ಕ್ಯೂಗಳೇ, ಸಂಗ್ರಹಿಸುವವರೂ ಇದ್ದಾರೆ. ಆದರೆ ಮೂಲದ ಬೆಲೆಗೂ ಅವುಗಳ ಬೆಲೆಗೂ ಅಜಗಜಾಂತರ.

1991, ನ್ಯೂಜೆರ್ಸಿ, ಬುಡದಲ್ಲಿ ಸಹಿ: ಈ ಮೂರನ್ನು ಜೋಡಿಸಿದರೆ ಮೊದಲು ಆಡಮ್ ಕಡೆಗೇ ನೋಡಬೇಕು. ನೋಡುವುದು ಹೇಗೆ ಎಂಬುದೇ ಮುಂದಿನ ಮಾತು.

ಅಮೆರಿಕದ ಹಳೇ ಕ್ಯೂ ಬಗ್ಗೆ ಒಂದು ಸಂಗತಿ ತಿಳಿಯದೆ ಹೋದರೆ ದಾರಿ ತಪ್ಪುವುದು ಖಂಡಿತ. ಒಂದು ಕ್ಯೂ ಅಂದರೆ ಒಂದೇ ಕೈಯ ಕೆಲಸ ಅಲ್ಲ. ಚೂಪುಗಳನ್ನು ಕೂರಿಸಿದ ಒರಟು ದಿಮ್ಮಿಯನ್ನು ಬ್ಲ್ಯಾಂಕ್ ಅನ್ನುತ್ತಾರೆ. ಅದನ್ನು ಮಾಡಿದವನು ಒಬ್ಬ, ಲೇತ್‌ನಲ್ಲಿ ತಿರುಗಿಸಿ ಜಾಯಿಂಟ್ ಹಾಕಿ ಕ್ಯೂ ಆಗಿಸಿದವನು ಇನ್ನೊಬ್ಬ, ಮೂವತ್ತು ವರ್ಷದ ಮೇಲೆ ದಾರ, ಶಾಫ್ಟ್ (ಚೆಂಡಿಗೆ ತಾಗುವ ಮುಂದಿನ ತುಂಡು), ಬಂಪರ್ (ಬುಡದ ರಬ್ಬರ್ ಬಿರಡೆ) ಬದಲಿಸಿದವನು ಮತ್ತೊಬ್ಬ. ಬಾಲಬುಷ್ಕಾ ಅವರೇ ಮೊದಮೊದಲು ಬ್ರನ್ಸ್‌ವಿಕ್ ಕಂಪನಿಯ ‘ಟೈಟ್ಲಿಸ್ಟ್’ ಎಂಬ ಒಂದೇ ತುಂಡಿನ ಕ್ಯೂಗಳನ್ನು ಕೊಯ್ದು ಎರಡು ತುಂಡಾಗಿಸುತ್ತಿದ್ದರು. ಆಮೇಲೆ ಷಿಕಾಗೋದ ಬರ್ಟನ್ ಸ್ಪೇನ್ ಅವರಿಂದ, ಕೊನೆಯ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ಗಸ್ ಸಾಂಬೋಟಿ ಅವರಿಂದ ಬ್ಲ್ಯಾಂಕ್ ತರಿಸಿಕೊಂಡರು. ಟೈಟ್ಲಿಸ್ಟ್ ಕೊಯ್ದವರು ಅವರೊಬ್ಬರೇ ಅಲ್ಲ. ಫ್ರಾಂಕ್ ಪ್ಯಾರಡೈಸ್, ಷಿಕಾಗೋದ ಹರ್ಮನ್ ರಾಂಬೋ, ನ್ಯೂಜೆರ್ಸಿಯ ಪಾಮರ್ ಕಂಪನಿ, ಜೊತೆಗೆ ಹೆಸರಿಲ್ಲದ ಎಷ್ಟೋ ಊರ ರಿಪೇರಿಯವರು ಅದನ್ನೇ ಬಳಸಿದರು. ಹಾಗಾಗಿ ಚೂಪುಗಳನ್ನು ನೋಡಿ ‘ಇದು ಇಂಥವರದ್ದು’ ಅನ್ನುವವರ ಮಾತಿಗೆ ಅರ್ಧ ಬೆಲೆ ಕೊಟ್ಟರೆ ಸಾಕು. ಚೂಪು ಹೇಳುವುದು ಬ್ಲ್ಯಾಂಕ್ ಎಲ್ಲಿಯದು ಎಂಬುದನ್ನು ಮಾತ್ರ. ಕ್ಯೂ ಮಾಡಿದವನ ಕೈ ಗೊತ್ತಾಗುವುದು ಜಾಯಿಂಟ್, ಬುಡ ಮತ್ತು ಉಂಗುರಗಳಲ್ಲಿ, ಅಂದರೆ ಅವನು ದಿನಾ ಒಂದೇ ರೀತಿ ಮಾಡಿ ರೂಢಿಯಾದ ಜಾಗಗಳಲ್ಲಿ.

ಆದ್ದರಿಂದ ಜಾಯಿಂಟಿನಿಂದ ಶುರು ಮಾಡಿ. ಕ್ಯೂ ಬಿಚ್ಚಿ ಬಟ್ಟಿನ ತುದಿಯಿಂದ ಹೊರಟ ಪಿನ್ ನೋಡಿ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ದಪ್ಪ 7.9 ಮಿ.ಮೀ. ಆಸುಪಾಸು ಬಂದರೆ ಅದು 5/16 ಇಂಚಿನದು, 9.5 ಬಂದರೆ 3/8 ಇಂಚಿನದು. ಆಮೇಲೆ ಪಿನ್ನಿನ ಮೇಲಿನ ಸ್ಕ್ರೂ ಎಳೆಗಳ ಅಂತರ. ತೆಳುವಾದ ಕಾಗದವನ್ನು ಪಿನ್ನಿನ ಉದ್ದಕ್ಕೆ ಒತ್ತಿ ಹಿಡಿದು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜಿ. ಎಳೆಗಳ ಏಣು ಕಪ್ಪು ಗೆರೆಗಳಾಗಿ ಮೂಡುತ್ತವೆ. ಒಂದು ಗೆರೆಯಿಂದ ಶುರುಮಾಡಿ ಅದರಾಚೆಯ ಐದನೇ ಗೆರೆಯವರೆಗೆ ಅಳೆಯಿರಿ. ಸುಮಾರು 9.1 ಮಿ.ಮೀ. ಬಂದರೆ ಇಂಚಿಗೆ 14 ಎಳೆ, 7.1 ಬಂದರೆ 18 ಎಳೆ, 12.7 ಬಂದರೆ 10, 11.5 ಬಂದರೆ 11. ದಪ್ಪ 8 ಮಿ.ಮೀ. ಇದ್ದು ಐದು ಎಳೆಗೆ 6.25 ಬಂದರೆ ಅದು ಮೆಟ್ರಿಕ್ ಎಂ8 ಬೋಲ್ಟು. ಅಮೆರಿಕದ ಹಳೇ ಕೆಲಸದಲ್ಲಿ ಅದು ಇರುವಂಥದ್ದಲ್ಲ. ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುವ 5/16 ಇಂಚಿನ ಮಾಮೂಲಿ ನಟ್ಟು 18 ಎಳೆಯದ್ದು. ಅದು ಪಿನ್ನಿಗೆ ಸಲೀಸಾಗಿ ಇಳಿದರೆ ಉತ್ತರ ಸಿಕ್ಕಿದಂತೆ. ಆದರೆ ಅರ್ಧ ಸುತ್ತಿಗೇ ಬಿಗಿಯಾದರೆ ಅಲ್ಲಿಗೇ ಬಿಟ್ಟುಬಿಡಿ. ಇನ್ನೊಂದು ಸುತ್ತು ಒತ್ತಾಯ ಮಾಡಿದರೆ ಎಳೆ ಹರಿಯುತ್ತದೆ. ಕಾಗದವೇ ಕ್ಷೇಮ.

ಈ ಸಂಖ್ಯೆಗಳು ಯಾಕೆ ಬೇಕು ಅಂದರೆ, ಮಾಡುವವರು ಬಣ್ಣ ಬದಲಿಸುತ್ತಾರೆ, ವಿನ್ಯಾಸ ಬದಲಿಸುತ್ತಾರೆ, ಜಾಯಿಂಟನ್ನು ಸುಲಭಕ್ಕೆ ಬದಲಿಸುವುದಿಲ್ಲ. ಎಳೆ ಕೊರೆಯುವ ಟ್ಯಾಪು, ಡೈ, ಶಾಫ್ಟಿನೊಳಗೆ ಪಿನ್ ಕೂರುವ ಇನ್ಸರ್ಟು ಎಲ್ಲ ಅದಕ್ಕೇ ಹೊಂದಿಸಿಕೊಂಡಿರುತ್ತಾರೆ. 5/16-14 (5/16 ಇಂಚು ದಪ್ಪ, ಇಂಚಿಗೆ 14 ಎಳೆ), ಅದರ ಜೊತೆ ಪೈಲಟ್ ಇರುವ ಸ್ಟೀಲ್ ಕಾಲರ್: ಇದು ಬಾಲಬುಷ್ಕಾ ಅವರ ರೂಢಿ, ಸಾಂಬೋಟಿ, ಜಾಸ್ ಮತ್ತು ಶೋನ್ ಕಂಪನಿ ಇವರದ್ದೂ ಅದೇ ಜಾಡು. ಪೈಲಟ್ ಅಂದರೆ ಶಾಫ್ಟಿನ ಬಾಯಿಂದ ಹಿತ್ತಾಳೆಯ ಒಂದು ಗಿಡ್ಡ ಕೊಳವೆ ಹೊರಬಂದು ಬಟ್ಟಿನ ಸ್ಟೀಲ್ ಬಟ್ಟಲಿನೊಳಗೆ ಕೂರುವುದು. 3/8-10 ಕಂಡರೆ ಮ್ಯಾಕ್‌ಡರ್ಮಟ್ ಕಂಪನಿ ನೆನಪಾಗಬೇಕು. 5/16-18, ಸಪಾಟು ಮುಖ, ದಂತದ ಬಣ್ಣದ ಪ್ಲಾಸ್ಟಿಕ್ ಕಾಲರ್ ಇದ್ದರೆ ಮ್ಯೂಚಿ ಕಂಪನಿ. 3/8-11 ಪಿನ್, ಸಪಾಟು ಮುಖ, ನಾಲ್ಕರ ಬದಲು ಆರು ಚೂಪು, ಎಲ್ಲೂ ಹೆಸರಿಲ್ಲ ಅಂದರೆ ಲಾಸ್ ವೇಗಸ್‌ನ ಸೌತ್ ವೆಸ್ಟ್ ಕಂಪನಿಯದ್ದು ಇರಬಹುದೇ ಅಂತ ಕೇಳಿಕೊಳ್ಳಬೇಕು. ಅಂಥದ್ದು ಸಿಕ್ಕರೆ ಹೆಸರಿಲ್ಲದಿದ್ದರೂ ಅದೃಷ್ಟವೇ. ಎರಡೇ ಸುತ್ತಿಗೆ ಬಿಗಿಯಾಗುವ ಯೂನಿಲಾಕ್ ಥರದ ಪಿನ್ ಇದ್ದರೆ ಆ ಕ್ಯೂ 1960ರದ್ದು ಅನ್ನುವ ಕಥೆಯನ್ನು ಅಲ್ಲಿಗೇ ಮುಗಿಸಬಹುದು.

ಒಂದು ಎಚ್ಚರಿಕೆ. ಜಾಯಿಂಟ್ ‘ಅಲ್ಲ’ ಅನ್ನುವುದನ್ನು ಗಟ್ಟಿಯಾಗಿ ಹೇಳುತ್ತದೆ, ‘ಹೌದು’ ಅನ್ನುವುದನ್ನು ಹಾಗೆ ಹೇಳುವುದಿಲ್ಲ. ನಿಮ್ಮ ಪಿನ್ 18 ಎಳೆಯದ್ದಾದರೆ ಬಾಲಬುಷ್ಕಾ ಕೈಯದ್ದಲ್ಲ ಎಂಬ ಕಡೆಗೆ ತಕ್ಕಡಿ ಚೆನ್ನಾಗಿ ವಾಲುತ್ತದೆ. 14 ಎಳೆಯದ್ದಾದರೆ ಬಾಗಿಲು ತೆರೆದಿದೆ ಅಂತಷ್ಟೇ ಅರ್ಥ, ಏಕೆಂದರೆ ಪ್ರತಿಕೃತಿ ಮಾಡುವವರೂ ಅದೇ ಪಿನ್ ಹಾಕಬಲ್ಲರು.

ಈಗ ಚೂಪುಗಳು. 10 ಪಟ್ಟು ಹಿಗ್ಗಿಸುವ ಗಡಿಯಾರ ರಿಪೇರಿಯವರ ಭೂತಗನ್ನಡಿ ತನ್ನಿ. ಮೊದಲು ತಿಳಿಯಬೇಕಾದ್ದು ಅದು ಮರವೋ ಚಿತ್ರವೋ ಎಂಬುದು. ಅಗ್ಗದ ಕ್ಯೂಗಳಲ್ಲಿ ಚೂಪುಗಳನ್ನು ಫಿಲ್ಮಿನ ಮೇಲೆ ಮುದ್ರಿಸಿ ಅಂಟಿಸಿ ಮೇಲೆ ದಪ್ಪ ಮೆರುಗು ಹೊಯ್ದಿರುತ್ತಾರೆ. ಭೂತಗನ್ನಡಿಯಲ್ಲಿ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಮುದ್ರಣ, ಮುಂದೆ ನೋಡುವುದೇ ಬೇಡ. ನಿಜವಾದ ಕೆಲಸದಲ್ಲಿ ಚೂಪಿನೊಳಗೆ ಮರದ ರಂಧ್ರಗಳು ಕಾಣುತ್ತವೆ. ಬಣ್ಣದ ಗೆರೆ ಅಂದರೆ ಬಣ್ಣ ಕುಡಿಸಿದ ಮೇಪಲ್ ಮರದ ತೆಳು ಹಾಳೆ, ಅದೇ ವೆನೀರ್. ಚೂಪಿನ ತುದಿಯಲ್ಲಿ ಎರಡೂ ಕಡೆಯ ವೆನೀರ್‌ಗಳು ಚೌಕಟ್ಟಿನ ಮೂಲೆಯ ಹಾಗೆ ಓರೆಯಾಗಿ ಕೂಡಿಕೊಳ್ಳುತ್ತವೆ, ಆ ಕೂಡಿಕೆಯ ಗೆರೆಯೂ ಕಣ್ಣಿಗೆ ಬೀಳುತ್ತದೆ. ಹೊರಗಿನಿಂದ ಒಳಗೆ ಬಣ್ಣಗಳ ಕ್ರಮವನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ವರ್ಷ ಮೆರುಗಿನ ಕೆಳಗಿದ್ದ ಬಿಳಿ ವೆನೀರ್ ಹಳದಿಯಾಗಿ ಕಂಡೀತು, ಆದ್ದರಿಂದ ‘ಹಳದಿ’ ಅಂತ ಬರೆಯುವ ಮುನ್ನ ದಾರದ ಅಂಚಿನ ಬಳಿಯೂ ಒಮ್ಮೆ ನೋಡಿ.

ಎರಡನೆಯದು ಫುಲ್ ಸ್ಪ್ಲೈಸೋ ಹಾಫ್ ಸ್ಪ್ಲೈಸೋ ಎಂಬುದು. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದ ಹಾಗೆ ಬಟ್ಟಿನ ಮರವೇ ಮೇಲೆ ಬೆಳೆದು ಚೂಪಾದರೆ ಅದು ಫುಲ್ ಸ್ಪ್ಲೈಸ್; ದಾರದ ಮೇಲಿನ ಚೂಪು, ದಾರದ ಕೆಳಗಿನ ಬುಡ ಎರಡೂ ಒಂದೇ ಮರ, ಒಂದೇ ರೇಖೆ. ಟೈಟ್ಲಿಸ್ಟ್ ಇಂಥದ್ದು. ಮುಂದಿನ ತುಂಡಿನಲ್ಲಿ ಇಂಗ್ಲಿಷಿನ ವಿ ಆಕಾರದ ತೋಡು ಕೊರೆದು ಬೇರೆ ಮರದ ಪಟ್ಟಿ ಕೂರಿಸಿದರೆ ಹಾಫ್ ಸ್ಪ್ಲೈಸ್. ಆಗ ದಾರದ ಕೆಳಗೆಲ್ಲೋ ಒಂದು ಬೆಸುಗೆ ಇರುತ್ತದೆ, ಬುಡದ ಮರ ಬೇರೆಯೇ ಇರಬಹುದು. ದಾರ ಬಿಚ್ಚಿ ನೋಡುವ ಆಸೆ ಬೇಡ. ಬಿಚ್ಚಿದ ಹಳೇ ಐರಿಶ್ ಲಿನನ್ ಮತ್ತೆ ಹಾಗೆ ಕೂರುವುದಿಲ್ಲ. ಅದು ಲಿನನ್ನೇ ಅಂತ ತಿಳಿಯಬೇಕಾದರೆ, ತುದಿಯಲ್ಲಿ ತಾನಾಗಿ ಎದ್ದ ಒಂದು ಎಳೆ ಇದ್ದರೆ ಅದನ್ನಷ್ಟೇ ಕತ್ತರಿಸಿ ದೂರ ಹೋಗಿ ಬೆಂಕಿಗೆ ಹಿಡಿಯಿರಿ. ಲಿನನ್ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ನೈಲಾನ್ ಕರಗಿ ಗುಂಡಗಿನ ಮಣಿಯಾಗುತ್ತದೆ.

ಬುಡಕ್ಕೆ ಬನ್ನಿ. ರಬ್ಬರ್ ಬಂಪರ್ ಕೈಯಲ್ಲೇ ಬಂದರೆ ಮಾತ್ರ ತೆಗೆಯಿರಿ. ಗಟ್ಟಿಯಾಗಿ ಒಣಗಿದ್ದರೆ ಕೀಳಬೇಡಿ, ಒಳಗಿನ ತೂಕದ ಬೋಲ್ಟೂ ಅಂಟಿಕೊಂಡಿರುತ್ತದೆ. ತೆಗೆದ ಜಾಗದಲ್ಲಿ, ಜಾಯಿಂಟಿನ ಮುಖದಲ್ಲಿ, ಶಾಫ್ಟಿನ ಕಾಲರ್ ಬಳಿ ಅಕ್ಷರ, ಸಂಖ್ಯೆ ಏನಾದರೂ ಇದೆಯೇ ಅಂತ ಓರೆ ಬೆಳಕಿನಲ್ಲಿ ಹುಡುಕಿ. ಜಿ.ಬಿ. ಸಂಖ್ಯೆ, ‘ಜಪಾನ್’ ಎಂಬ ಪದ ಸಿಕ್ಕರೆ ಚರ್ಚೆ ಮುಗಿಯಿತು. ಬುಡದಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ, ಅದರೊಳಗೆ ಮಾಲೀಕರ ಹೆಸರು ಇದ್ದರೆ ಅದು ಪಾಮರ್ ಕಂಪನಿಯ ಚಾಳಿ. ಸಹಿಯನ್ನೂ ಭೂತಗನ್ನಡಿಯಲ್ಲಿ ನೋಡಿ: ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮ ಇದ್ದು ಅಂಚು ಹಲ್ಲುಹಲ್ಲಾಗಿದ್ದರೆ ಅದು ಸ್ಕ್ರೀನ್ ಮುದ್ರಣ. ಕೈಬರಹದಲ್ಲಿ ತಿರುವಿನಲ್ಲಿ ಒತ್ತಡ ಹೆಚ್ಚು, ಕೊನೆಯಲ್ಲಿ ಎಳೆದು ತೆಳುವಾಗಿರುತ್ತದೆ. ಸಹಿ ಮೆರುಗಿನ ಕೆಳಗಿದೆಯೋ ಮೇಲಿದೆಯೋ ಎಂಬುದೂ ಮುಖ್ಯ. ಮೇಲಿದ್ದರೆ ಆಮೇಲೆ ಯಾರೋ ಹಾಕಿದ್ದು.

365 ನ್ಯಾನೋಮೀಟರಿನ ಅಲ್ಟ್ರಾವೈಲೆಟ್ ಟಾರ್ಚ್ ಇದ್ದರೆ ಕತ್ತಲ ಕೋಣೆಯಲ್ಲಿ ಇಡೀ ಕ್ಯೂ ಮೇಲೆ ಹಾಯಿಸಿ. ಒಂದೇ ಮೆರುಗಾದರೆ ಒಂದೇ ಬಣ್ಣದಲ್ಲಿ ಹೊಳೆಯುತ್ತದೆ. ಬಟ್ ಒಂದು ಬಣ್ಣ, ಜಾಯಿಂಟಿನಿಂದ ನಾಲ್ಕು ಬೆರಳು ಮಾತ್ರ ಇನ್ನೊಂದು ಬಣ್ಣ ಬಂದರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ. ಫೆರೂಲ್ (ಶಾಫ್ಟಿನ ತುದಿಯ ಬಿಳಿ ಟೊಪ್ಪಿಗೆ), ಬುಡದ ಬಿಳಿ ಭಾಗ ನೀಲಿ ಬೆರೆತ ಬೆಳ್ಳಗೆ ಹೊಳೆದರೆ ದಂತದ ಅನುಮಾನ. ಆಗ ಅಡ್ಡ ಕೊಯ್ದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಚಾಪೆಯ ಹೆಣಿಗೆಯಂತೆ ಒಂದನ್ನೊಂದು ದಾಟುವ ಕಮಾನುಗೆರೆಗಳಿದ್ದರೆ ಅದು ಆನೆದಂತವೇ. ಬಿಸಿ ಸೂಜಿ ಚುಚ್ಚಿ ನೋಡುವ ಹಳೇ ಉಪಾಯ ಹೇಳಿಕೊಡುವವರಿದ್ದಾರೆ. ಬೇಡ, ತೂತು ಶಾಶ್ವತ.

ದಂತ ಅಂತಾದರೆ ಮಾರುವ ಮಾತನ್ನು ಅಲ್ಲಿಗೇ ನಿಲ್ಲಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ, ಕ್ಯೂನ ಬುಡದಲ್ಲಿರುವ ಕಾಲು ಇಂಚಿಗೂ ಅದೇ ನಿಯಮ. ಮಲ್ಲೇಶ್ವರದ ಅರಣ್ಯ ಭವನಕ್ಕೆ ಹೋಗಿ ಏನು ಮಾಡಬೇಕೆಂದು ಲಿಖಿತವಾಗಿ ಕೇಳುವುದೇ ದಾರಿ. ಕಪ್ಪು ಕಂದು ಮರ ಬ್ರೆಜಿಲ್‌ನ ರೋಸ್‌ವುಡ್ ಆಗಿದ್ದರೂ ವಿದೇಶಕ್ಕೆ ಕಳಿಸುವಾಗ ತೊಡಕಿದೆ. 1992ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಯಲ್ಲಿದೆ. ನಮ್ಮ ಬೀಟೆ ಮರ ಅದರ ದಾಯಾದಿ, ಬರಿಗಣ್ಣಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಅಳತೆಗಳನ್ನೂ ತೆಗೆದಿಡಿ. ಒಟ್ಟು ಉದ್ದ 58 ಇಂಚು ಅಂದರೆ 147.3 ಸೆಂ.ಮೀ. ಈಗಿನ ರೂಢಿ, ಹಳೆಯವು ಅರ್ಧ-ಒಂದು ಇಂಚು ಗಿಡ್ಡ ಇರುವುದುಂಟು. ಬಟ್, ಶಾಫ್ಟ್ ಬೇರೆ ಬೇರೆ ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಔನ್ಸ್ 28.35 ಗ್ರಾಂ, 19 ಔನ್ಸಿನ ಕ್ಯೂ ಸುಮಾರು 539 ಗ್ರಾಂ ತೂಗಬೇಕು. ಶಾಫ್ಟಿನ ಕಾಲರಿನ ಉಂಗುರ ಬಟ್ಟಿನ ಉಂಗುರಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಶಾಫ್ಟ್ ಬೇರೆ ಕಡೆಯದ್ದು, ಬೆಲೆಯೂ ಅಷ್ಟಕ್ಕೆ ಇಳಿಯುತ್ತದೆ. ನೇರ ಇದೆಯೇ ಅಂತ ನೋಡಲು ಗಾಜಿನ ಮೇಜಿನ ಮೇಲೆ ತುಂಡುಗಳನ್ನು ಬೇರೆ ಬೇರೆ ಉರುಳಿಸಿ. ಎರಡೂ ನೇರವಿದ್ದು ಕೂಡಿಸಿದಾಗ ಮಾತ್ರ ಕುಣಿದರೆ ದೋಷ ಮರದ್ದಲ್ಲ, ಜಾಯಿಂಟಿನ ಮುಖದ್ದು. ಅಲ್ಲಿ ಸಿಕ್ಕಿಕೊಂಡ ಚಾಕ್ ಪುಡಿಯೂ ಕಾರಣವಾಗಿರಬಹುದು, ಮೊದಲು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಿರಿ.

ತಾತನ ಕ್ಯೂ ಕಥೆ ಬೇರೆ. ನಮ್ಮ ಊರಿನ ಕ್ಲಬ್ಬುಗಳದ್ದು ಬಿಲಿಯರ್ಡ್ಸ್ ಮತ್ತು ಸ್ನೂಕರ್ ಪರಂಪರೆ, ಆದ್ದರಿಂದ ಬೆಂಗಳೂರಿನ ಅಟ್ಟಗಳಲ್ಲಿ ಇಂಥ ಇಂಗ್ಲಿಷ್ ಕ್ಯೂ ಸಿಗುವುದು ಹೆಚ್ಚು ಸಹಜ. ಅದರ ಬಿಲ್ಲೆಯೇ ಒಂದು ಪಂಚಾಂಗ. 4137 ಅನ್ನುವುದು ಸೀರಿಯಲ್ ಸಂಖ್ಯೆ ಅಲ್ಲ, ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ 1932ರ ಜನವರಿಯಲ್ಲಿ ಲಂಡನ್ನಿನ ಥರ್ಸ್ಟನ್ ಹಾಲ್‌ನಲ್ಲಿ ಬಾರಿಸಿದ ಬಿಲಿಯರ್ಡ್ಸ್ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ತಪ್ಪದೆ ಗಳಿಸಿದ ಅಂಕ. ದಾಖಲೆಯಾದ ಬ್ರೇಕನ್ನು ಬಿಲ್ಲೆಗೆ ಹಾಕಿ ಮಾರುವುದು ಆಗಿನ ಪದ್ಧತಿ: ಟಾಮ್ ರೀಸ್ ಅವರ 499135 ಬಂದದ್ದು 1907ರಲ್ಲಿ, ವಿಲ್ಲಿ ಸ್ಮಿತ್ ಅವರ 2743 ಬಂದದ್ದು 1928ರಲ್ಲಿ, ಜೋ ಡೇವಿಸ್ ಅವರ ಸ್ನೂಕರ್ 147 ಬಂದದ್ದು 1955ರಲ್ಲಿ. ಸಂಖ್ಯೆ ಹೇಳುವುದು ‘ಇದಕ್ಕಿಂತ ಹಿಂದಿನದ್ದಲ್ಲ’ ಎಂಬುದನ್ನು ಮಾತ್ರ. ಒಂದೇ ಬಿಲ್ಲೆ ವರ್ಷಗಟ್ಟಲೆ ನಡೆಯುತ್ತಿತ್ತು. ಲಿಂಡ್ರಮ್ ಆಟಗಾರನ ಹೆಸರು, ಮಾಡಿದವರದ್ದಲ್ಲ. ಮಾಡಿದವರ ಹೆಸರು ಬಿಲ್ಲೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿರುತ್ತದೆ: ಬರೋಸ್ ಅಂಡ್ ವಾಟ್ಸ್, ಥರ್ಸ್ಟನ್, ರೈಲಿ, ಪೆರಡಾನ್, ಹೀಗೆ. ಲಂಡನ್ ವಿಳಾಸ ಇದ್ದರೆ ಕೊನೆಯ ಅಕ್ಷರ ಗಮನಿಸಿ. ಅಂಚೆ ವಲಯಗಳಿಗೆ ಸಂಖ್ಯೆ ಬಂದದ್ದು 1917ರಲ್ಲಿ, ಆದ್ದರಿಂದ ಬರೀ ‘ಡಬ್ಲ್ಯೂ’ ಅಂತಿದ್ದರೆ ಹಿಂದಿನ ಕಾಲ ಇರಬಹುದು, ‘ಡಬ್ಲ್ಯೂ 1’ ಅಂತಿದ್ದರೆ ಖಂಡಿತ ಆಮೇಲಿನದ್ದು. ಬಿಲ್ಲೆಯ ಹತ್ತಿರ ಒತ್ತಿದ 16½ ಥರದ ಅಂಕಿ ಔನ್ಸಿನಲ್ಲಿ ತೂಕ. ಕರಿಮರದ ಚೂಪುಗಳ ತುದಿ ದುಂಡಗೆ ಕಮಾನಿನಂತಿದ್ದರೆ ಕೈಯಲ್ಲಿ ರಂದ ಹೊಡೆದು ಕೂರಿಸಿದ್ದು, ಗರಗಸದ ಹಲ್ಲಿನಂತೆ ಮೊನಚಾಗಿದ್ದರೆ ಯಂತ್ರದ್ದು. ಬಿಲ್ಲೆಯ ಸುತ್ತ ಹೊಸ ಅಂಟು ಕಂಡರೆ ಬಿಲ್ಲೆ ಬೇರೆ ಕ್ಯೂನಿಂದ ಬಂದಿರಬಹುದು.

ನೂರು ವರ್ಷ ದಾಟಿದ ಕರಕುಶಲ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದು ಖಾಸಗಿಯವರು ಅದನ್ನು ರಫ್ತು ಮಾಡುವಂತಿರುವುದಿಲ್ಲ. 4137ರ ಬಿಲ್ಲೆ ಮೂಲದ್ದೇ ಆಗಿದ್ದರೆ ನಿಮ್ಮದು ಆ ಗಡಿಯನ್ನು ಇನ್ನೂ ಮುಟ್ಟಿಲ್ಲ.

ಪೂಲ್ ಕ್ಯೂಗೆ ಮರಳಿದರೆ, ಅದರ ಜೊತೆ ಬಂದ ಚೀಲವನ್ನೂ ಝಾಡಿಸಿ ನೋಡಿ. ಅಂಗಡಿಯ ಲೇಬಲ್ಲಿನಲ್ಲಿ ಐದಂಕಿಯ ಜಿಪ್ ಕೋಡ್ (ಅಮೆರಿಕದ ಅಂಚೆ ಸಂಖ್ಯೆ) ಇದ್ದರೆ 1963ರ ನಂತರದ್ದು. ಮರಕ್ಕೆ ಅಂಟಿಸಿದ ಮುದ್ರಿತ ಚೀಟಿಯ (ಡೆಕಲ್) ಮೇಲೆ ‘ಬ್ರನ್ಸ್‌ವಿಕ್-ಬಾಲ್ಕ್-ಕಾಲೆಂಡರ್’ ಎಂಬ ಪೂರ್ತಿ ಹೆಸರು ಇದ್ದರೆ ಆ ಬ್ಲ್ಯಾಂಕ್ 1960ಕ್ಕಿಂತ ಹಿಂದಿನದ್ದು, ಏಕೆಂದರೆ ಕಂಪನಿ ಆ ವರ್ಷ ಹೆಸರು ಮೊಟಕು ಮಾಡಿಕೊಂಡಿತು. ಮಾವನವರು ಕೊಂಡ ರಸೀದಿ, ಆಡುತ್ತಿದ್ದ ಫೋಟೋ ಸಿಕ್ಕರೆ ಸಹಿಗಿಂತ ಹೆಚ್ಚು ಬೆಲೆ ಅವಕ್ಕೆ.

ಕಡೆಗೆ ಫೋಟೋಗಳು. ಬೆಳಗಿನ ಹೊತ್ತು ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ, ಬಿಳಿ ಪಂಚೆಯ ಮೇಲೆ ಇಟ್ಟು ಪಕ್ಕದಲ್ಲಿ ಸ್ಕೇಲ್ ಇರಿಸಿ ತೆಗೆಯಿರಿ: ಪೂರ್ತಿ ಉದ್ದ ಒಂದು, ನಾಲ್ಕು ಚೂಪುಗಳದ್ದು ಒಂದೊಂದು, ಜಾಯಿಂಟಿನ ಎರಡೂ ಮುಖ ನೇರ ಎದುರಿನಿಂದ, ಪಿನ್ ಪಕ್ಕದಿಂದ, ಬುಡದ ಉಂಗುರಗಳು, ಸಹಿ. ಅವನ್ನು ಬಲ್ಲವರಿಗೆ ತೋರಿಸಿ ಕೇಳುವಾಗ ‘ಇದು ಬಾಲಬುಷ್ಕಾನಾ?’ ಅನ್ನಬೇಡಿ, ‘ಇದು ಯಾರದ್ದು?’ ಅನ್ನಿ. ಮೊದಲ ಪ್ರಶ್ನೆಗೆ ಮಾರುವವರೆಲ್ಲ ಹೌದು ಅನ್ನುತ್ತಾರೆ. ಉತ್ತರ ಬರುವವರೆಗೆ ಕ್ಯೂ ಅಟ್ಟಕ್ಕೆ ಹೋಗುವುದು ಬೇಡ. ಶೀಟಿನ ಕೆಳಗೆ ಏಪ್ರಿಲ್‌ನ ಕಾವು, ಆಮೇಲೆ ಮಳೆಗಾಲದ ತೇವ ಎರಡೂ ಸೇರಿ ಶಾಫ್ಟ್ ಬಾಗುತ್ತದೆ. ಒಳಗೋಡೆಯ ಬೀರುವಿನಲ್ಲಿ, ಎರಡು ತುಂಡನ್ನೂ ಬಿಚ್ಚಿ, ಚೀಲದಲ್ಲಿಟ್ಟರೆ ಸಾಕು.